ತ್ವಚೆಯ ಪುನರ್ನವೀಕರಣ

ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ಹತ್ತು ಹತ್ತು ದ್ರವ್ಯಗಳ ಐವತ್ತು ಗಣಗಳು ಹೇಳಲ್ಪಟ್ಟಿವೆ. ಅವುಗಳಲ್ಲಿ ಮೈಬಣ್ಣಕ್ಕೆ ಹಿತವಾದ ‘ವರ್ಣ್ಯ’ಗಣವು ಬೇರೆ, ಮುಪ್ಪನ್ನು ತಡೆಯುವ ‘ವಯಃಸ್ಥಾಪನ’ಗಣವು ಬೇರೆ. ಈಗಿನ ಸೌಂದರ್ಯಚಿಕಿತ್ಸೆಯ ವ್ಯಾಪಾರದಲ್ಲಿ ಈ ಭೇದವು ಅಳಿಸಿಹೋಗಿದೆ. ಕಾಂತಿಯನ್ನು ಕೊಡುವುದೆಲ್ಲವೂ ಚರ್ಮವನ್ನು ಹೊಸತಾಗಿಸುವುದೆಂದೇ ಸಾರಲ್ಪಡುತ್ತಿದೆ.

ಚರ್ಮದ ಹೊರಪದರವು ಕೆಲವು ವಾರಗಳಲ್ಲಿ ತಾನಾಗಿಯೇ ಹೊಸದಾಗುತ್ತಿರುವುದು. ಆದುದರಿಂದ ಅದಕ್ಕೆ ಹೊಳಪನ್ನು ತರುವುದು ಅಷ್ಟೇನೂ ದುಷ್ಕರವಲ್ಲ. ಸುಕ್ಕಿನ ಮೂಲವಿರುವುದು ಒಳಪದರದಲ್ಲಿ. ಅಲ್ಲಿ ನಾರಿನಂತೆ ಹೆಣೆದುಕೊಂಡು ಚರ್ಮಕ್ಕೆ ಬಿಗಿಯನ್ನು ಕೊಡುವ ಕೊಲ್ಲಾಜೆನ್ ಎಂಬ ಪದಾರ್ಥವನ್ನು ಕಡಿದುಹಾಕುವ ಕಿಣ್ವಗಳು ಬಿಸಿಲಿನ ಅತಿನೇರಳೆ ಕಿರಣಗಳಿಂದ ಪ್ರಚೋದಿತವಾಗುವುವು. ಹೊಸ ಕೊಲ್ಲಾಜೆನ್ನಿನ ಉತ್ಪತ್ತಿಯೂ ಕುಗ್ಗುವುದು.

ಈ ನಷ್ಟವನ್ನು ಕೊಂಚಮಟ್ಟಿಗೆ ತುಂಬಿಕೊಡುವುದೆಂದು ಪ್ರಯೋಗದಿಂದ ಸಿದ್ಧವಾದ ಲೇಪಗಳಲ್ಲಿ ಟ್ರೆಟಿನಾಯಿನ್ ಮುಖ್ಯವಾದುದು. ‘ಎ’ ಜೀವಸತ್ತ್ವದಿಂದ ಹುಟ್ಟುವ ಈ ಆಮ್ಲವು ಮೊದಲು ಮೊಡವೆಗೆ ಮದ್ದಾಗಿದ್ದಿತು. ಬಿಸಿಲಿನಿಂದ ಮುಪ್ಪಾದ ಚರ್ಮಕ್ಕೂ ಇದು ಗುಣಕಾರಿಯೆಂದು ಫಿಲಡೆಲ್ಫಿಯದ ಆಲ್ಬರ್ಟ್ ಕ್ಲಿಗ್ಮನ್ ಎಂಬ ವೈದ್ಯನು ಸಂಗಡಿಗರೊಡನೆ 1986ರಲ್ಲಿ ಪ್ರಕಟಿಸಿದನು. 1993ರಲ್ಲಿ ಹೊರಬಂದ ಮತ್ತೊಂದು ಪರೀಕ್ಷೆಯಲ್ಲಿ, 10–12 ತಿಂಗಳು ಇದನ್ನು ಹಚ್ಚಿಕೊಂಡವರಲ್ಲಿ ಕೊಲ್ಲಾಜೆನ್ನಿನ ಉತ್ಪತ್ತಿಯು ನೂರಕ್ಕೆ 80ರಷ್ಟು ಹೆಚ್ಚಿತು. ಮದ್ದಿಲ್ಲದ ಬರಿಯ ಲೇಪವನ್ನು ಹಚ್ಚಿಕೊಂಡವರಲ್ಲಿ 14ರಷ್ಟು ತಗ್ಗಿತು. ಆದರೂ ಸುಕ್ಕು ತಗ್ಗುವುದೇ ಹೊರತು ಅಳಿಯುವುದಿಲ್ಲ. ಮೊದಮೊದಲು ಚರ್ಮವು ಕೆಂಪಾಗಿ ಸುಲಿಯುವುದೂ ಉಂಟು. ಗರ್ಭಿಣಿಯರಿಗೆ ಇದು ವರ್ಜ್ಯವೆಂದು ವೈದ್ಯರು ಹೇಳುತ್ತಾರೆ.

ಕ್ಲಿಗ್ಮನ್ನನ ಕೀರ್ತಿಗೆ ಒಂದು ಕಲಂಕವೂ ಅಂಟಿದೆ. 1951ರಿಂದ 1974ರ ವರೆಗೆ ಹೋಮ್ಸ್‌ಬರ್ಗ್ ಸೆರೆಮನೆಯ ಬಂದಿಗಳ ಮೈಮೇಲೆ ಅವನ ಪ್ರಯೋಗಗಳು ನಡೆದುವು. ಬಂದಿಗಳಲ್ಲಿ ಬಹುಮಂದಿ ಕರಿಯರು. ಅದಕ್ಕಾಗಿ ಫಿಲಡೆಲ್ಫಿಯ ನಗರವು 2022ರಲ್ಲಿ ಕ್ಷಮೆ ಬೇಡಿತು. ಮುಖಕಾಂತಿಯ ಶಾಸ್ತ್ರಕ್ಕೆ ಇಂತಹ ಪೂರ್ವೇತಿಹಾಸವಿರುವುದು ಅದರ ಜಾಹೀರಾತುಗಳಲ್ಲಿ ಕಾಣಬರುವುದಿಲ್ಲ.

ರೋಗಿಯ ರಕ್ತದ್ರವವನ್ನೇ ಸೂಜಿಯಿಂದ ಅವನ ಮುಖಕ್ಕೆ ಸೇರಿಸುವ ವಿಧಾನಕ್ಕೆ ಈಚೆಗೆ ಪ್ರಚಾರ ಬಹಳ, ಪ್ರಮಾಣ ಅಲ್ಪ. ಅಮೆರಿಕದ ನ್ಯೂ ಮೆಕ್ಸಿಕೋ ಪ್ರಾಂತದಲ್ಲಿ ಪರವಾನೆಯಿಲ್ಲದ ಒಂದು ಪ್ರಸಾಧನಗೃಹದಲ್ಲಿ ಈ ಚಿಕಿತ್ಸೆಗೊಳಗಾದ ಕೆಲವರಿಗೆ ಎಚ್.ಐ.ವಿ. ಸೋಂಕು ತಗುಲಿದುದು 2024ರ ಸರಕಾರಿ ವರದಿಯಲ್ಲಿ ದಾಖಲಾಗಿದೆ.

ನಿವಾರಣೆಯ ಮಾತು ಇದಕ್ಕಿಂತ ಸರಳ. ಆಸ್ಟ್ರೇಲಿಯದ ನ್ಯಾಂಬೂರ್ ಊರಿನಲ್ಲಿ 1992ರಿಂದ 1996ರ ವರೆಗೆ 903 ಮಂದಿಯನ್ನು ಪರೀಕ್ಷಿಸಲಾಯಿತು. ದಿನವೂ ಬಿಸಿಲುತಡೆ ಲೇಪವನ್ನು ಹಚ್ಚಿಕೊಂಡವರಲ್ಲಿ ನಾಲ್ಕೂವರೆ ವರ್ಷ ಕಳೆದರೂ ಚರ್ಮದ ಮುಪ್ಪು ಹೆಚ್ಚಿದುದು ಗೋಚರಿಸಲಿಲ್ಲ. ‘ಎ’ ಜೀವಸತ್ತ್ವಕ್ಕೆ ಮೂಲವಾದ ಬೀಟಾ ಕೆರೋಟಿನ್ ಗುಳಿಗೆಯನ್ನೂ ಅಲ್ಲಿಯೇ ಕೊಟ್ಟು ನೋಡಿದರು. ಅದನ್ನು ನುಂಗಿದವರಿಗೂ ನುಂಗದವರಿಗೂ ಒಟ್ಟಿನಲ್ಲಿ ಭೇದವೇನೂ ಕಾಣಲಿಲ್ಲ.