ಮಾಯಾ ಜನರ ಹಾಳೂರಿಗೆ ಒಂದು ದಿನದ ಯಾತ್ರೆ

ದೇಶ ಸುತ್ತಬೇಕು, ಇಲ್ಲವೇ ಕೋಶ ಓದಬೇಕು ಎಂಬುದು ನಮ್ಮ ಹಿರಿಯರ ಮಾತು. ಮೂವತ್ತನಾಲ್ಕು ವರ್ಷ ಪಾಠಶಾಲೆಯಲ್ಲಿ ಶಬ್ದರೂಪ ಧಾತುರೂಪಗಳನ್ನು ಹೇಳಿಕೊಟ್ಟು ನಿವೃತ್ತನಾದ ನನಗೆ ಇವೆರಡರಲ್ಲಿ ಕೋಶವೊಂದೇ ದಕ್ಕಿತ್ತು. ದೇಶವು ಅರವತ್ತರ ಅಂಚಿನಲ್ಲಿ, ಅದೂ ಮಗಳ ದೆಸೆಯಿಂದ ಒದಗಿತು. ಅವಳು ಅಮೆರಿಕಾ ಸಂಯುಕ್ತ ಸಂಸ್ಥಾನದ ಹ್ಯೂಸ್ಟನ್ ನಗರದಲ್ಲಿ ಸಂಸಾರ ಹೂಡಿರುವಳು. 2024ನೆಯ ಇಸವಿಯ ಚಳಿಗಾಲದಲ್ಲಿ ನಾವು ದಂಪತಿಗಳು ಅಲ್ಲಿದ್ದಾಗ, ಸಮೀಪದ ಮೆಕ್ಸಿಕೋ ದೇಶದಲ್ಲಿ ಮಾಯಾ ಎಂಬ ಪುರಾತನ ಜನರ ಪಟ್ಟಣಗಳು ಹಾಳುಬಿದ್ದಿವೆಯೆಂದೂ, ವಿಮಾನದಲ್ಲಿ ಹೋದರೆ ಎರಡು ಗಂಟೆಗಳಿಗೆ ಸ್ವಲ್ಪ ಮೇಲ್ಪಟ್ಟ ದಾರಿಯೆಂದೂ ತಿಳಿಯಿತು. ಅಮೆರಿಕಾದ ಊರ್ಜಿತವಾದ ವೀಸಾ ಉಳ್ಳ ಭಾರತೀಯರಿಗೆ ಮೆಕ್ಸಿಕೋದವರು ಬೇರೆ ವೀಸಾ ಕೇಳುವುದಿಲ್ಲ. ಆದರೂ ಇಂಥ ನಿಯಮಗಳನ್ನು ಹೊರಡುವ ಮುನ್ನ ಮತ್ತೊಮ್ಮೆ ವಿಚಾರಿಸಿಕೊಳ್ಳುವುದು ಜಾಣತನ.

ಮಾಯಾ ಎಂಬ ಹೆಸರನ್ನು ಕೇಳಿದೊಡನೆ ನನ್ನ ಮನಸ್ಸು ಪಾಂಡವರಿಗೆ ಸಭೆಯನ್ನು ಕಟ್ಟಿಕೊಟ್ಟ ಮಯನ ಕಡೆಗೆ ಹಾರಿತೆಂಬುದನ್ನು ಒಪ್ಪಿಕೊಳ್ಳುತ್ತೇನೆ. ಶಬ್ದಸಾಮ್ಯವನ್ನು ಹಿಡಿದು ಸಂಬಂಧವನ್ನು ಕಲ್ಪಿಸುವುದು ಸಂಸ್ಕೃತ ಓದಿದವರ ಹಳೆಯ ಚಪಲ. ಆದರೆ ಇಲ್ಲಿ ಅಂಥ ಸಂಬಂಧವೇನೂ ಇಲ್ಲ. ಆ ಜನರು ತಮ್ಮ ನಗರಗಳನ್ನು ತಾವೇ ಕಟ್ಟಿದರು, ತಮ್ಮ ಲಿಪಿಯನ್ನು ತಾವೇ ಕಂಡುಕೊಂಡರು. ಅವರ ಕೀರ್ತಿಯಲ್ಲಿ ಪಾಲು ಕೇಳುವುದು ನಮಗೆ ಶೋಭಿಸದು.

ನಾವು ಇಳಿದ ಊರು ಕಾನ್‌ಕೂನ್; ಕಡಲತೀರದ ವಿಹಾರಸ್ಥಳ. ಅಲ್ಲಿಂದ ಚಿಚೆನ್ ಇಟ್ಸಾ ಎಂಬ ಹಾಳೂರು ಸುಮಾರು 200 ಕಿಲೋಮೀಟರು. ಅಳಿಯಂದಿರು ಒಂದು ಮೋಟಾರನ್ನು ನಮಗಾಗಿಯೇ ಗೊತ್ತುಮಾಡುವೆನೆಂದರು. ಅವರ ಹಣವನ್ನು ಹಾಗೆ ವ್ಯಯಮಾಡಿಸಲು ಮನಸ್ಸೊಪ್ಪದೆ, ಮಾರ್ಗದರ್ಶಿಯೊಡನೆ ಬಸ್ಸಿನಲ್ಲಿ ಕರೆದೊಯ್ದು ಸಂಜೆಗೆ ಮರಳಿ ತರುವ ಅಗ್ಗದ ಸಂಚಾರವೇ ಸಾಕೆಂದು ನಾನು ಹಟಹಿಡಿದೆನು. “ಅಗ್ಗದ ಸಾಮಾನಿನ ಬೆಲೆ ಮನೆಗೆ ಬಂದ ಮೇಲೆ ತಿಳಿಯುತ್ತದೆ, ನೋಡುತ್ತಿರಿ,” ಎಂದಳು ನನ್ನ ಗೃಹಿಣಿ. ಆಕೆಯ ಮಾತು ಅರ್ಧ ನಿಜವಾಯಿತು.

ಬೆಳಕು ಹರಿಯುವ ಮುನ್ನವೇ ಬಸ್ಸು ಬಂದಿತು. ಮಗಳು, ಅಳಿಯಂದಿರು, ಒಂಬತ್ತು ವರ್ಷದ ಮೊಮ್ಮಗ, ನಾವಿಬ್ಬರು, ಒಟ್ಟು ಐವರು ಹತ್ತಿದೆವು. ಹೋಟೆಲಿನಿಂದ ಹೋಟೆಲಿಗೆ ಜನರನ್ನು ತುಂಬಿಕೊಳ್ಳುವುದರಲ್ಲಿಯೇ ಬಹಳ ಹೊತ್ತು ಕಳೆಯಿತು. ಬಸ್ಸು ಊರು ಬಿಟ್ಟ ಮೇಲೆ, ಹಾಳೂರಿನ ಪ್ರವೇಶಶುಲ್ಕವು ನಾವು ಕೊಟ್ಟ ಹಣದಲ್ಲಿ ಸೇರಿಲ್ಲವೆಂದು ತಿಳಿಸಿದರು. ಅಲ್ಲಿ ಕೇಂದ್ರ ಸರ್ಕಾರದ್ದೊಂದು, ಯುಕಟಾನ್ ಪ್ರಾಂತ್ಯದ್ದೊಂದು ಹೀಗೆ ಎರಡು ಚೀಟಿಗಳನ್ನು ಕೊಳ್ಳಬೇಕು. ಪರದೇಶೀಯರಿಗೆ ಎರಡೂ ಸೇರಿ ಆಗ 600 ಪೇಸೋಗಳಿಗೆ ಮೇಲ್ಪಟ್ಟಿತ್ತು. ತರುವಾಯ ಬಸ್ಸು ಒಂದು ದೊಡ್ಡ ಅಂಗಡಿಯ ಮುಂದೆ ನಿಂತಿತು. ಕಪ್ಪು ಗಾಜುಗಲ್ಲಿನ ಬೊಂಬೆಗಳನ್ನೂ ಬೆಳ್ಳಿಯ ಪದಕಗಳನ್ನೂ ನೋಡುತ್ತ ಒಂದು ಗಂಟೆ ವ್ಯರ್ಥವಾಯಿತು. ಹಾಳೂರಿನ ಬಾಗಿಲು ಬೆಳಿಗ್ಗೆ 8ಕ್ಕೆ ತೆರೆಯುವುದಾದರೂ ನಾವು ಮುಟ್ಟಿದ್ದು ಮಧ್ಯಾಹ್ನದ ಸುಡುಬಿಸಿಲಿನಲ್ಲಿ. ನಮಗೆ ದೊರೆತ ಕಾಲ ಎರಡು ಗಂಟೆ ಮಾತ್ರ.

ಇಷ್ಟಾಗಿಯೂ ಆ ದಿನವು ನಷ್ಟವಾಗಲಿಲ್ಲ. ಅದಕ್ಕೆ ಕಾರಣ ನಮ್ಮ ಮಾರ್ಗದರ್ಶಿ. ಐವತ್ತು ವರ್ಷದ, ಕುಳ್ಳಗಿನ, ಮೃದುವಾಗಿ ಮಾತನಾಡುವ ಆತನು ಆ ಸೀಮೆಯ ಹಳ್ಳಿಯವನೇ. ಮಾಯಾ ಜನರ ವಂಶಜನು. ಚಿಚೆನ್ ಇಟ್ಸಾ ಎಂದರೆ “ಇಟ್ಸಾ ಜನರ ಬಾವಿಯ ಬಾಯಿ” ಎಂದು ಅರ್ಥವೆಂದು ಆತನು ತಿಳಿಸಿದನು. ಯುಕಟಾನ್ ಸುಣ್ಣಗಲ್ಲಿನ ಬಯಲು. ಮಳೆಯ ನೀರು ಕಲ್ಲಿನೊಳಕ್ಕೆ ಇಂಗಿಹೋಗುವುದರಿಂದ ಅದರ ಉತ್ತರಭಾಗದಲ್ಲಿ ನೆಲದ ಮೇಲೆ ನದಿಗಳು ಹರಿಯುವುದಿಲ್ಲ. ಅಲ್ಲಲ್ಲಿ ಕಲ್ಲಿನ ಛಾವಣಿ ಕುಸಿದು ಒಳಗಿನ ಜಲವು ಬಾವಿಯಂತೆ ಕಾಣುತ್ತದೆ. ಇವನ್ನು ಸೆನೋಟೆಗಳೆನ್ನುವರು. ಆರು ಕೋಟಿ ಅರವತ್ತು ಲಕ್ಷ ವರ್ಷಗಳ ಹಿಂದೆ ಆಕಾಶದಿಂದ ಬಿದ್ದ ಮಹಾಶಿಲೆಯ ಆಘಾತವು ಈ ಸೀಮೆಯ ಚಿಕ್ಸುಲುಬ್ ಎಂಬಲ್ಲಿ ನಡೆಯಿತು. ಆ ಕುಳಿಯ ಅಂಚಿನ ಗುಂಟ ಸೆನೋಟೆಗಳು ಬಳೆಯಾಕಾರವಾಗಿ ಸಾಲುಗಟ್ಟಿವೆ. ನೀರಿದ್ದಲ್ಲಿ ಊರು, ಊರಿದ್ದಲ್ಲಿ ಗುಡಿ.

ಒಳಹೊಕ್ಕೊಡನೆ ಎದುರಿಗೆ ನಿಲ್ಲುವುದು ಕುಕುಲ್ಕಾನ್ ಎಂಬ ಗರಿಯುಳ್ಳ ಸರ್ಪದೇವತೆಯ ಗುಡಿ. ಶಿಖರ ಸೇರಿ ಸುಮಾರು 30 ಮೀಟರು ಎತ್ತರ. ಒಂದರ ಮೇಲೊಂದು ಒಂಬತ್ತು ಜಗತಿಗಳು. ನಾಲ್ಕು ದಿಕ್ಕಿಗೂ 91 ಮೆಟ್ಟಿಲುಗಳು, ಅಲ್ಲಿಗೆ 364, ಮೇಲಿನ ಜಗತಿಯೊಂದು ಸೇರಿದರೆ 365, ವರ್ಷದ ದಿನಗಳ ಸಂಖ್ಯೆ. ವಿಷುವತ್ಕಾಲದ ಸಂಜೆಗಳಲ್ಲಿ ಜಗತಿಗಳ ಮೂಲೆಯ ನೆರಳು ಉತ್ತರದ ಸೋಪಾನದ ಪಕ್ಕೆಗೋಡೆಯ ಮೇಲೆ ಬಿದ್ದು, ಬುಡದಲ್ಲಿರುವ ಕಲ್ಲಿನ ಹೆಡೆಯನ್ನು ಸೇರಿ, ಹಾವೊಂದು ಇಳಿದುಬರುವಂತೆ ತೋರುವುದು. ಆ ಎರಡು ಕಾಲಗಳಲ್ಲಿ ಜನಸಂದಣಿ ವಿಪರೀತ. 2006ರಲ್ಲಿ ಮೆಟ್ಟಿಲಿನಿಂದ ಬಿದ್ದು ಒಬ್ಬ ಹೆಂಗಸು ಮೃತಳಾದಂದಿನಿಂದ ಯಾರನ್ನೂ ಮೇಲಕ್ಕೆ ಹತ್ತಗೊಡುವುದಿಲ್ಲ. ಮಂಡಿನೋವಿನ ನನ್ನ ಗೃಹಿಣಿಗೆ ಇದು ಪರಮಸಂತೋಷದ ವಾರ್ತೆಯಾಯಿತು.

ಪಕ್ಕದಲ್ಲಿ ಮಹಾ ಕಂದುಕಾಂಗಣ. ಉದ್ದ 168, ಅಗಲ 70 ಮೀಟರು. ರಬ್ಬರಿನ ಗಟ್ಟಿಚೆಂಡನ್ನು ಕೈ ಮುಟ್ಟದೆ ಸೊಂಟದಿಂದ ಹೊಡೆದು ಆಡುತ್ತಿದ್ದ ಆಟವಂತೆ. ಗೋಡೆಯ ಮೇಲೆ ಶಿರವರಿದ ಆಟಗಾರನ ಶಿಲ್ಪವಿದೆ. ಕೊರಳಿನಿಂದ ಚಿಮ್ಮುವ ರಕ್ತವು ಹಾವುಗಳಾಗಿ ಹರಿಯುತ್ತದೆ. ನರಬಲಿಯು ಅಲ್ಲಿ ನಡೆಯುತ್ತಿದ್ದುದನ್ನು ಮರೆಮಾಚುವಂತಿಲ್ಲ. ಉತ್ತರದ ಪವಿತ್ರ ಸೆನೋಟೆಯು ಸುಮಾರು 60 ಮೀಟರು ಅಗಲದ ಹಸುರುನೀರಿನ ಕೊಳ. 1904ರಿಂದ ಎಡ್ವರ್ಡ್ ಥಾಮ್ಸನ್ ಎಂಬ ಅಮೆರಿಕದವನು ಅದರ ತಳವನ್ನು ತೋಡಿಸಲಾಗಿ, ಚಿನ್ನ, ಹಸುರುಮಣಿ, ಧೂಪದ ಉಂಡೆಗಳೊಡನೆ ಮನುಷ್ಯರ ಎಲುಬುಗಳೂ ದೊರೆತವು. ಆ ಐಶ್ವರ್ಯವನ್ನು ಆತನು ಹಾರ್ವರ್ಡಿನ ಸಂಗ್ರಹಾಲಯಕ್ಕೆ ಸಾಗಿಸಿದನು. ಅದರಲ್ಲಿ ಒಂದು ಭಾಗ ಮಾತ್ರ ಮೆಕ್ಸಿಕೋಗೆ ಮರಳಿದೆ.

ದುಂಡಗಿನ ಗೋಪುರವೊಂದುಂಟು, ಒಳಗೆ ಸುರುಳಿ ಮೆಟ್ಟಿಲಿರುವ ಕಾರಣ ಅದಕ್ಕೆ ಬಸವನಹುಳುವಿನ ಹೆಸರು. ಅದರ ಕಿಂಡಿಗಳಿಂದ ಶುಕ್ರಗ್ರಹದ ಗತಿಯನ್ನು ನೋಡುತ್ತಿದ್ದರೆಂದು ವಿದ್ವಾಂಸರ ಮತ. ಶುಕ್ರನ ಆವೃತ್ತಿಗೆ 584 ದಿನಗಳೆಂಬ ಗಣನೆಯು ಮಾಯಾ ಜನರ ಗ್ರಂಥದಲ್ಲಿದೆ. ಅವರು ಇಪ್ಪತ್ತರ ಮೇಲೆ ಲೆಕ್ಕ ಮಾಡುವವರು. ಒಂದಕ್ಕೆ ಚುಕ್ಕೆ, ಐದಕ್ಕೆ ಅಡ್ಡಗೆರೆ, ಸೊನ್ನೆಗೆ ಚಿಪ್ಪಿನ ಆಕಾರ. ಸೊನ್ನೆಯ ಗಣಿತನಿಯಮಗಳನ್ನು 628ರಲ್ಲಿ ಬ್ರಹ್ಮಗುಪ್ತನು ಹೇಳಿದನೆಂದು ಮಕ್ಕಳಿಗೆ ಹೆಮ್ಮೆಯಿಂದ ಪಾಠಮಾಡಿದವನು ನಾನು. ನಮ್ಮ ಹೆಸರನ್ನೇ ಕೇಳದ ಜನರು ಮಹಾಸಾಗರದಾಚೆಯಲ್ಲಿ ತಾವೂ ಸೊನ್ನೆಯನ್ನು ಕಂಡುಕೊಂಡರೆಂದು ತಿಳಿದಾಗ ಹೆಮ್ಮೆ ಕುಗ್ಗಲಿಲ್ಲ. ಜೊತೆಗೊಬ್ಬ ದಾಯಾದಿ ಸಿಕ್ಕಂತಾಯಿತು.

ಒಂದು ಮರದ ನೆರಳಿನಲ್ಲಿ ನಿಂತಾಗ ನಾನು ಮಾರ್ಗದರ್ಶಿಯನ್ನು, “ತಮ್ಮ ಮನೆಯ ಮಾತು ಯಾವುದು?” ಎಂದು ಕೇಳಿದೆನು.

“ತಾಯಿಯೊಡನೆ ಮಾಯಾ, ಮಕ್ಕಳೊಡನೆ ಸ್ಪ್ಯಾನಿಷ್,” ಎಂದನು.

“ಹಾಗೇಕೆ?”

ಸ್ವಲ್ಪ ತಡೆದು ಹೇಳಿದನು: “ನಾನು ಶಾಲೆಗೆ ಹೋದಾಗ ಮಾಯಾ ಆಡಿದರೆ ನಗುತ್ತಿದ್ದರು. ನನ್ನ ಮಕ್ಕಳಿಗೆ ಆ ನಗೆಪಾಟಲು ಬೇಡವೆಂದು ಬಗೆದೆ. ಈಗ ಅವರಿಗೆ ಅಜ್ಜಿಯ ಮಾತು ತಿಳಿಯದು. ಅಜ್ಜಿಗೆ ಅವರೊಡನೆ ಹೇಳಿಕೊಳ್ಳುವುದಕ್ಕೆ ಮಾತಿಲ್ಲ.”

ನಾನು ಮೊಮ್ಮಗನ ಕಡೆಗೆ ನೋಡಿದೆನು. ಅವನಿಗೆ ಕನ್ನಡ ಅರ್ಥವಾಗುವುದು. ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಹ್ಯೂಸ್ಟನ್ನಿನ ಮನೆಯಲ್ಲಿ ಅವನ ಮೇಜಿನ ಮೇಲುಗಡೆ ಗೋಡೆಗೆ ನಾನು ಅಂಟಿಸಿದ ಕಾಗುಣಿತದ ಹಾಳೆಯನ್ನು ಎರಡು ತಿಂಗಳಾದರೂ ಅವನು ಕಣ್ಣೆತ್ತಿ ನೋಡಿರಲಿಲ್ಲ. ಬಲವಂತಮಾಡಲು ಮಗಳು ಒಪ್ಪಳು. ಗದರಿಸಲು ನನಗೆ ಮನಸ್ಸಿಲ್ಲ. ಈ ವ್ಯಥೆಯನ್ನು ನಾನು ಯಾರಲ್ಲಿಯೂ ಆಡಿರಲಿಲ್ಲ.

ಆಗ ಮಾರ್ಗದರ್ಶಿಯು ತನ್ನ ಲಿಪಿಯ ಕಥೆಯನ್ನು ತೆಗೆದನು. 1562ರಲ್ಲಿ ಮನೀ ಎಂಬ ಊರಿನಲ್ಲಿ ದಿಯೆಗೊ ದೆ ಲಾಂಡಾ ಎಂಬ ಪಾದ್ರಿಯು ಮಾಯಾ ಗ್ರಂಥಗಳನ್ನು ರಾಶಿಹಾಕಿಸಿ ಸುಡಿಸಿದನು. ಇಂದು ಜಗತ್ತಿನಲ್ಲಿ ಉಳಿದಿರುವುವು ನಾಲ್ಕೇ ನಾಲ್ಕು. ಆಶ್ಚರ್ಯವೇನೆಂದರೆ ಅದೇ ಲಾಂಡಾ ಬರೆದಿಟ್ಟ ಟಿಪ್ಪಣಿಯನ್ನು ಆಧಾರವಾಗಿ ಹಿಡಿದು, 1952ರಲ್ಲಿ ಯೂರಿ ಕ್ನೊರೊಝೊವ್ ಎಂಬ ರಷ್ಯದ ಪಂಡಿತನು ಆ ಲಿಪಿಯನ್ನು ಓದುವ ದಾರಿಯನ್ನು ತೋರಿದನು. ಸುಟ್ಟ ಕೈಯೇ ಬೀಗದ ಕೈಯನ್ನೂ ಬಿಟ್ಟುಹೋಗಿತ್ತು! ಆ ಲಿಪಿಯಲ್ಲಿ ಪದಕ್ಕೊಂದು ಚಿತ್ರವಿರುವುದಲ್ಲದೆ ಕ, ಕಿ, ಕು ಎಂಬಂತೆ ಸ್ವರ ಸೇರಿದ ಅಕ್ಷರಗಳೂ ಇವೆ. ಆತನು ಪುಸ್ತಕದ ಪುಟವೊಂದನ್ನು ಬಿಡಿಸಿ, ಮೀನಿನ ಈಜುರೆಕ್ಕೆಯಂತಿದ್ದ ‘ಕ’ ಅಕ್ಷರವನ್ನು ತೋರಿಸಿ, ಅದನ್ನು ಎರಡು ಸಲ ಬರೆದು ‘ವ’ ಸೇರಿಸಿದರೆ ‘ಕಕಾವ್’, ಎಂದರೆ ಚಾಕೊಲೇಟಿನ ಬೀಜವಾದ ಕೋಕೋ ಎಂದನು.

ಹುಡುಗನು ಪುಟದ ಮೇಲೆ ಬಗ್ಗಿ, ನನ್ನ ತೋಳನ್ನು ಹಿಡಿದು, “ತಾತ, ಇದು ನಿಮ್ಮ ಗೋಡೆ ಕಾಗದದ ಹಾಗೇ ಇದೆಯಲ್ಲ!” ಎಂದನು. ಕನ್ನಡದಲ್ಲಿಯೇ ಎಂದನು.

ಅಲ್ಲಿಂದ ಕೆಲವೇ ಕಿಲೋಮೀಟರು ದೂರದಲ್ಲಿ ಇಕ್‌ಕಿಲ್ ಸೆನೋಟೆ. ನೆಲಮಟ್ಟದಿಂದ ಸುಮಾರು 26 ಮೀಟರು ಆಳಕ್ಕೆ ಮೆಟ್ಟಿಲಿಳಿದರೆ, ಬೇರುಬಳ್ಳಿಗಳು ಜೋಲುವ ದುಂಡುಗುಹೆಯಲ್ಲಿ ಕರಿನೀಲಿ ನೀರು. ಮೊದಲು ಮೈತೊಳೆದುಕೊಂಡು, ತೇಲುವ ಕವಚವನ್ನು ತೊಟ್ಟು ಇಳಿಯಬೇಕು. ಮಂಡಿಯನ್ನು ಮರೆತು ನನ್ನ ಗೃಹಿಣಿ ಮೆಲ್ಲಮೆಲ್ಲಗೆ ಕೆಳಗಿಳಿದು, ನೀರನ್ನು ತಲೆಗೆ ಪ್ರೋಕ್ಷಿಸಿಕೊಂಡಳು. ಅನಂತರ ಊಟ. ಶಾಕಾಹಾರಿಗಳು ಎಚ್ಚರದಿಂದಿರಬೇಕು. ಬೇಯಿಸಿದ ಹುರುಳಿಕಾಯಿಬೀಜಕ್ಕೆ ಹಂದಿಯ ಕೊಬ್ಬನ್ನು ಸೇರಿಸುವ ವಾಡಿಕೆ ಉಂಟು. ಅನ್ನವನ್ನೂ ಕೋಳಿಯ ರಸದಲ್ಲಿ ಬೇಯಿಸಿರಬಹುದು. ಕೇಳಿಯೇ ಉಣ್ಣಬೇಕು. ನಮಗೆ ಮುಸುಕಿನ ಜೋಳದ ತೆಳುರೊಟ್ಟಿ, ಬೆಣ್ಣೆಹಣ್ಣು, ಪರಂಗಿಹಣ್ಣು ಸಾಕಾದವು. ಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸಿ ನೆನೆಯಿಟ್ಟು ರುಬ್ಬುವರೆಂಬುದನ್ನು ನನ್ನ ಗೃಹಿಣಿ ವಿಚಾರಿಸಿ ತಿಳಿದುಕೊಂಡಳು. ಮೆಣಸಿನಕಾಯಿ, ಪರಂಗಿ, ಸಪೋಟ, ಮುಸುಕಿನ ಜೋಳ ಇವೆಲ್ಲವೂ ನಮ್ಮ ನಾಡಿಗೆ ಬಂದದ್ದು ಆ ಭೂಖಂಡದಿಂದ. ಗುಡಿಗಳ ಬಾಗಿಲವಾಡದ ತೊಲೆಗಳು ಸಪೋಟದ ಮರದವು. ಸಾವಿರ ವರ್ಷದಷ್ಟು ಹಳೆಯವು.

ವಲ್ಯಾಡೊಲಿಡ್ ಪಟ್ಟಣದಲ್ಲಿ ಅರ್ಧಗಂಟೆ ನಿಂತು, ಚೌಕದ ಬೆಂಚಿನ ಮೇಲೆ ಕುಳಿತೆವು. ನೋಡಬೇಕಾದ ಹದಿನಾರನೆಯ ಶತಮಾನದ ಮಠವೊಂದು ಅಲ್ಲಿಂದ ನಡೆದುಹೋಗುವ ದೂರದಲ್ಲಿತ್ತು, ಕಾಲ ಸಾಲಲಿಲ್ಲ.

ಮಿತವ್ಯಯಿಗಳಾದ ಗೃಹಸ್ಥರಿಗೆ ನನ್ನ ಅನುಭವದ ಸಾರವಿದು. ಹಣ ಕೊಡುವ ಮುನ್ನ ಪ್ರವೇಶಶುಲ್ಕ, ಊಟ, ಪಾನೀಯ ಸೇರಿವೆಯೇ, ಹಾಳೂರಿನಲ್ಲಿ ಎಷ್ಟು ಗಂಟೆ, ಅಂಗಡಿಯಲ್ಲಿ ಎಷ್ಟು ಗಂಟೆ ಎಂಬುದನ್ನು ಬರೆಹದಲ್ಲಿ ಕೇಳಿ. ಕಾನ್‌ಕೂನಿನ ಗಡಿಯಾರವು ಯುಕಟಾನ್ ಪ್ರಾಂತ್ಯದ್ದಕ್ಕಿಂತ ಒಂದು ಗಂಟೆ ಮುಂದು. ಇದನ್ನು ಮರೆತರೆ ಲೆಕ್ಕ ತಪ್ಪುವುದು. ಭಾನುವಾರ ಆ ದೇಶದವರಿಗೆ ಶುಲ್ಕದಲ್ಲಿ ವಿನಾಯಿತಿ ಇರುವುದರಿಂದ ಅಂದು ಗುಂಪು ಹೆಚ್ಚು. ಛತ್ರಿ, ನೀರು, ಪೇಸೋ ನಾಣ್ಯಗಳು ಕೈಯಲ್ಲಿರಲಿ. ಸಾಧ್ಯವಾದರೆ ಹಿಂದಿನ ರಾತ್ರಿ ವಲ್ಯಾಡೊಲಿಡ್‌ನಲ್ಲಿಯೇ ತಂಗಿ. ಅಲ್ಲಿಂದ ಹಾಳೂರು ಸುಮಾರು 45 ಕಿಲೋಮೀಟರು. ಹತ್ತಾರು ಜನ ಕೂಡಿ ಹೋಗುವ ಬಾಡಿಗೆ ವ್ಯಾನುಗಳು ಅಗ್ಗದ ದರಕ್ಕೆ ದೊರೆಯುತ್ತವೆ. 2023ರ ಕೊನೆಯಲ್ಲಿ ಪ್ರಾರಂಭವಾದ ರೈಲೂ ಎರಡು ಸ್ಥಳಗಳಲ್ಲಿಯೂ ನಿಲ್ಲುತ್ತದೆ. ಬಾಗಿಲು ತೆರೆಯುವ ಹೊತ್ತಿಗೆ ಮುಟ್ಟಿ, ನಾಲ್ಕಾರು ಮಂದಿ ಸೇರಿ ಬಾಗಿಲಲ್ಲಿಯೇ ಮಾರ್ಗದರ್ಶಿಯನ್ನು ಗೊತ್ತುಮಾಡಿಕೊಂಡರೆ ಬಿಸಿಲೂ ತಪ್ಪುವುದು, ಅಂಗಡಿಯೂ ತಪ್ಪುವುದು. ಆದರೆ ಮಾರ್ಗದರ್ಶಿಯಿಲ್ಲದೆ ಹೋಗಬೇಡಿ. ಕಲ್ಲು ತಾನಾಗಿ ಮಾತನಾಡುವುದಿಲ್ಲ.

ರಾತ್ರಿ ಬಸ್ಸಿಳಿಯುವಾಗ, ನಿಮ್ಮ ಭಾಷೆಯಲ್ಲಿ ಕುಶಲವನ್ನು ಹೇಗೆ ಕೇಳುವಿರಿ ಎಂದೆನು. “ಬಿಷ್ ಆ ಬೇಲ್” ಎಂದನು, “ನಿನ್ನ ದಾರಿ ಹೇಗಿದೆ?” ಎಂದು ಅದರ ಅಕ್ಷರಾರ್ಥವಂತೆ. 2020ರ ಜನಗಣತಿಯ ಪ್ರಕಾರ ಮೆಕ್ಸಿಕೋದಲ್ಲಿ ಸುಮಾರು 7,75,000 ಜನರು ಆ ನುಡಿಯನ್ನು ಆಡುವರು. ಈ ಸಂಖ್ಯೆಯಲ್ಲಿ ಆತನ ಮಕ್ಕಳಿಲ್ಲ. ಊರಿಗೆ ಹೋದ ಮೇಲೆ ತಾಯಿಯ ಬಳಿ ಮಕ್ಕಳನ್ನು ಕೂರಿಸಿ ದಿನಕ್ಕೆ ಹತ್ತು ಮಾತು ಕಲಿಸಿರೆಂದು, ಮೇಷ್ಟರ ಅಭ್ಯಾಸದಂತೆ ನಾನು ಉಪದೇಶ ಮಾಡಿದೆನು. ಆತನು ನಕ್ಕು ತಲೆದೂಗಿದನು. ಉಪದೇಶವು ನನಗೂ ಸಲ್ಲತಕ್ಕದ್ದೆಂದು ಇಬ್ಬರಿಗೂ ತಿಳಿದಿತ್ತು.

ಹೋಟೆಲಿನ ಕೋಣೆಯಲ್ಲಿ ಮೊಮ್ಮಗನು ಚೀಟಿಯೊಂದರ ಹಿಂಬದಿಯಲ್ಲಿ ಮೀನಿನ ರೆಕ್ಕೆಯ ‘ಕ’ವನ್ನು ಬರೆದು, ಅದರ ಪಕ್ಕದಲ್ಲಿ ನಮ್ಮ ‘ಕ’ವನ್ನು ಬರೆದುಕೊಡೆಂದು ನನ್ನ ಕೈಗೆ ಸೀಸದಕಡ್ಡಿಯನ್ನಿತ್ತನು. ಬರೆದುಕೊಟ್ಟೆನು. ಅವನು ಅದನ್ನು ನಾಲ್ಕು ಸಲ ತಿದ್ದಿದನು, ನಾಲ್ಕನೆಯದು ಚೆನ್ನಾಗಿತ್ತು. ಆ ಸಂಚಾರದ ಖರ್ಚನ್ನು ದಿನಚರಿಯಲ್ಲಿ ಬರೆಯುವಾಗ, ಅಂಗಡಿಯಲ್ಲಿ ಕಳೆದ ಗಂಟೆಯನ್ನು ನಾನು ನಷ್ಟದ ಲೆಕ್ಕಕ್ಕೆ ಹಾಕಲಿಲ್ಲ.