ಗ್ರಂಥಕರ್ತನೂ ಅವನ ಗಂಟೂ

ಕಳೆದ ಶತಮಾನದ ಪೂರ್ವಾರ್ಧದಲ್ಲಿ ಧಾರವಾಡ ಸೀಮೆಯ ಹಳ್ಳಿಗಳಲ್ಲಿ ಪುಸ್ತಕಗಳ ಗಂಟನ್ನು ಹೆಗಲ ಮೇಲೆ ಹೊತ್ತು ಊರಿಂದೂರಿಗೆ ತಿರುಗುತ್ತಿದ್ದ ಒಬ್ಬ ಗೃಹಸ್ಥರ ಮಾತನ್ನು ನಮ್ಮ ಹಿರಿಯರು ಬಲು ಅಭಿಮಾನದಿಂದ ಹೇಳುತ್ತಿದ್ದುದುಂಟು. ಅವರು ಯಾವ ಅಂಗಡಿಯ ಆಳೂ ಅಲ್ಲ, ಯಾವ ಸಂಸ್ಥೆಯ ಪ್ರಚಾರಕರೂ ಅಲ್ಲ. ಗಂಟಿನೊಳಗಿನ ಗ್ರಂಥಗಳನ್ನು ಬರೆದವರೇ ಅವರು. ವೆಂಕಟೇಶ ತಿರಕೋ ಕುಲಕರ್ಣಿ ಗಳಗನಾಥರು (1869-1942) ಶಾಲಾ ಶಿಕ್ಷಕರಾಗಿದ್ದವರು, ಅಗಡಿಯ ಆನಂದವನದಿಂದ ಹೊರಡುತ್ತಿದ್ದ ‘ಸದ್ಬೋಧ ಚಂದ್ರಿಕೆ’ಯನ್ನು ಸಂಪಾದಿಸಿದವರು, ಮರಾಠಿಯಲ್ಲದೆ ಬೇರೆ ಓದು ಇಲ್ಲವೆಂದು ತಿಳಿದಿದ್ದ ಜನರ ಕೈಯಲ್ಲಿ ಕನ್ನಡ ಕಾದಂಬರಿಯನ್ನು ಇರಿಸಿದವರು. ಓದುಗನು ತನ್ನ ಬಳಿಗೆ ಬರುವನೆಂದು ಕಾಯುತ್ತ ಕುಳಿತಿದ್ದರೆ ಆ ಕಾದಂಬರಿಗಳು ಅಟ್ಟದ ಮೇಲೆ ಗೆದ್ದಲಿಗೆ ಆಹಾರವಾಗುತ್ತಿದ್ದುವು. ಅವರು ಕಾಯಲಿಲ್ಲ, ಗಂಟು ಕಟ್ಟಿಕೊಂಡು ನಡೆದರು.

ಈ ಸಂಗತಿಯು ಈಗ ನೆನಪಾದುದಕ್ಕೆ ಕಾರಣವುಂಟು. ನಮ್ಮ ಕಚೇರಿಗೆ ವಾರವಾರವೂ ಅಂಚೆಯಲ್ಲಿ ಹೊಸ ಪುಸ್ತಕಗಳು ಬರುತ್ತಿರುತ್ತವೆ. ಅವುಗಳಲ್ಲಿ ಅನೇಕವು ಗ್ರಂಥಕರ್ತರೇ ಸ್ವಂತ ಹಣದಿಂದ ಅಚ್ಚುಹಾಕಿಸಿದವುಗಳು. ಪ್ರಕಾಶನದ ಹೆಸರು ಮಗಳದೋ ತಾಯಿಯದೋ ಮನೆದೇವರದೋ ಆಗಿರುತ್ತದೆ, ವಿಳಾಸವು ಮನೆಯದೇ. ಮೇಲೊಂದು ವಿನಯಪೂರ್ವಕವಾದ ಪತ್ರ: ನಾಲ್ಕು ಸಾಲು ಬರೆದರೆ ಉಪಕೃತನಾಗುವೆನೆಂದು. ಇವರಲ್ಲಿ ಯಾರನ್ನಾದರೂ ಎದುರಿಗೆ ಕಂಡಾಗ ಎಷ್ಟು ಪ್ರತಿಗಳು ಮಾರಾಟವಾದುವೆಂದು ಕೇಳಿದರೆ ಮುಖ ಸಪ್ಪಗಾಗುತ್ತದೆ. “ಮಾರಾಟಕ್ಕೆಂದು ಬರೆದುದಲ್ಲ, ಸ್ವಾಮಿ” ಎಂಬುದು ಉತ್ತರ. ಇದು ವಿನಯವೆಂದು ನಾವು ಬಹುಕಾಲ ನಂಬಿದ್ದೆವು. ಈಗ ಹಾಗೆ ತೋರುವುದಿಲ್ಲ. ನೇಗಿಲು ಹಿಡಿದವನು ತನ್ನ ಜೋಳವನ್ನು ಸಂತೆಗೆ ಒಯ್ಯಲು ನಾಚುವುದಿಲ್ಲ. ಮಗ್ಗದವನು ಸೀರೆಗೆ ಬೆಲೆ ಹೇಳಲು ನಾಚುವುದಿಲ್ಲ. ಮೂರು ವರ್ಷ ರಾತ್ರಿಯ ನಿದ್ದೆಗೆಟ್ಟು ಬರೆದ ಗ್ರಂಥಕ್ಕೆ ಬೆಲೆ ಕೇಳುವುದೊಂದೇ ನಾಚಿಕೆಗೇಡಿನ ಕೆಲಸವಾದುದು ಹೇಗೆ? ಸರಸ್ವತಿಗೂ ಲಕ್ಷ್ಮಿಗೂ ಆಗದು ಎಂಬ ಹಳೆಯ ಮಾತನ್ನು ಹೇಳಿಕೊಟ್ಟವರು ಯಾರೋ ತಿಳಿಯದು. ಅದರಿಂದ ಲಾಭ ಪಡೆದವರು ಮಾತ್ರ ಗ್ರಂಥಕರ್ತರಂತೂ ಅಲ್ಲ.

ಸ್ವಂತ ಪ್ರಕಟನೆಯು ಪ್ರಕಾಶಕರು ಸಿಕ್ಕದವರ ಕೊನೆಯ ದಾರಿಯೆಂಬ ಭಾವನೆಯೂ ತಪ್ಪು. ಮಾಸ್ತಿಯವರ ಪುಸ್ತಕಗಳು ಅವರದೇ ಜೀವನ ಕಾರ್ಯಾಲಯದಿಂದ ಹೊರಟುವು. ಶಿವರಾಮ ಕಾರಂತರು ಪುತ್ತೂರಿನಲ್ಲಿ ಮುದ್ರಣಾಲಯವನ್ನೇ ಇಟ್ಟು, ತಮ್ಮ ಗ್ರಂಥಗಳನ್ನು ಅಚ್ಚುಮಾಡಿಸಿ ಪ್ರಕಟಿಸಿದರು. ಕುವೆಂಪು ಅವರ ಕೃತಿಗಳು ಅವರ ಮೈಸೂರಿನ ಮನೆಯ ಹೆಸರನ್ನೇ ಹೊತ್ತ ‘ಉದಯರವಿ’ಯಿಂದ ಬಂದುವು; ಅವರ ಮಗ ತೇಜಸ್ವಿಯವರು ‘ಪುಸ್ತಕ ಪ್ರಕಾಶನ’ವನ್ನು ಕಟ್ಟಿಕೊಂಡರು. ಲಂಕೇಶರು 1980ರಲ್ಲಿ ಜಾಹೀರಾತನ್ನೇ ಹಾಕದ ವಾರಪತ್ರಿಕೆಯೊಂದನ್ನು ಹೊರಡಿಸಿ, ಓದುಗನು ಕೊಡುವ ಕಾಸಿನ ಮೇಲೆಯೇ ಅದನ್ನು ನಿಲ್ಲಿಸಿದರು. ನಮ್ಮ ಕಾಲದಲ್ಲಿ ವಸುಧೇಂದ್ರರು ‘ಛಂದ ಪುಸ್ತಕ’ವನ್ನು ಸ್ಥಾಪಿಸಿ ತಮ್ಮ ಕೃತಿಗಳೊಡನೆ ಹೊಸಬರ ಕೃತಿಗಳನ್ನೂ ಪ್ರಕಟಿಸುತ್ತ ಬಂದಿದ್ದಾರೆ. ಇವರಾರೂ ಗತಿಯಿಲ್ಲದೆ ಈ ದಾರಿ ಹಿಡಿದವರಲ್ಲ. ತಮ್ಮ ಬರಹದ ಮೇಲಣ ಯಜಮಾನಿಕೆಯನ್ನು ಬಿಟ್ಟುಕೊಡಲು ಒಪ್ಪದವರು.

ಆದರೆ ಯಜಮಾನಿಕೆಯೆಂದರೆ ಲೆಕ್ಕವೂ ಬಂದಿತು. ಇಲ್ಲಿ ಒಂದು ಕಲ್ಪಿತ ಲೆಕ್ಕವನ್ನು ವಾಚಕರ ಮುಂದಿಡುತ್ತೇವೆ. ಅಂಕೆಗಳು ಊರಿಗೊಂದು, ಕಾಗದಕ್ಕೊಂದು ಆಗಬಹುದು, ರೀತಿ ಮಾತ್ರ ಇದೇ. ಇನ್ನೂರು ಪುಟದ ಪುಸ್ತಕ, ಸಾವಿರ ಪ್ರತಿ, ಎಲ್ಲ ಸೇರಿ ಖರ್ಚು 70,000 ರೂಪಾಯಿ, ಮುಖಬೆಲೆ 200 ಎಂದಿಟ್ಟುಕೊಳ್ಳೋಣ. ಅಂಗಡಿಯವರಿಗೆ ನೂರಕ್ಕೆ ನಲವತ್ತರಂತೆ ಕಮಿಷನ್ ಬಿಟ್ಟರೆ ಕೈಗೆ ಬರುವುದು ಪ್ರತಿಯೊಂದಕ್ಕೆ 120 ರೂಪಾಯಿ. 584ನೆಯ ಪ್ರತಿ ಹೋದ ಮೇಲಷ್ಟೇ ಹಾಕಿದ ಹಣ ಮರಳಿತು. ಅದೇ ಪುಸ್ತಕವನ್ನು ನೂರಕ್ಕೆ ಹತ್ತು ಸೋಡಿ ಬಿಟ್ಟು ಓದುಗನಿಗೇ ನೇರವಾಗಿ ಕೊಟ್ಟು, ಅಂಚೆಯ ವೆಚ್ಚವನ್ನು ಅವನಿಂದಲೇ ಪಡೆದರೆ ಬರುವುದು 180. ಆಗ 389ನೆಯ ಪ್ರತಿಗೇ ಸಾಲ ತೀರಿತು. ಇನ್ನು ಪ್ರಕಾಶಕರೊಬ್ಬರು ತಮ್ಮ ಬಂಡವಾಳದಿಂದ ಪ್ರಕಟಿಸಿ ನೂರಕ್ಕೆ ಹತ್ತರ ರಾಯಲ್ಟಿ ಕೊಟ್ಟರೆ, ಸಾವಿರವೂ ಹೋದಾಗ ಗ್ರಂಥಕರ್ತನಿಗೆ 20,000. ನಾಲ್ಕುನೂರೇ ಹೋದರೆ 8,000, ಆದರೆ ಕೈಯಿಂದ ನಷ್ಟವಿಲ್ಲ. ಸ್ವಂತಕ್ಕೆ ಅಚ್ಚುಹಾಕಿಸಿ ಅಂಗಡಿಗಳ ಮೂಲಕ ನಾಲ್ಕುನೂರೇ ಮಾರಿದವನಿಗೆ 22,000 ರೂಪಾಯಿಯ ಕುಳಿ. ಹೆಂಡತಿಯ ಬಳೆಯನ್ನು ಒತ್ತೆಯಿಡುವುದಕ್ಕೆ ಮೊದಲು ಈ ನಾಲ್ಕು ಅಂಕೆಗಳನ್ನು ಬರೆದು ನೋಡಿದವರು ಎಷ್ಟು ಮಂದಿ?

ಸಾವಿರವನ್ನೇ ಅಚ್ಚುಹಾಕಿಸಬೇಕೆಂಬ ಕಟ್ಟೂ ಈಗ ಉಳಿದಿಲ್ಲ. ಮೊಳೆ ಜೋಡಿಸುವ ಕಾಲ ಹೋಗಿ ಗಣಕಯಂತ್ರದಿಂದ ನೇರವಾಗಿ ಅಚ್ಚಾಗುವ ಕಾಲ ಬಂದಿರುವುದರಿಂದ ನೂರೇ ಪ್ರತಿ, ಐವತ್ತೇ ಪ್ರತಿ ಎಂದರೂ ಮಾಡಿಕೊಡುವವರಿದ್ದಾರೆ. ಪ್ರತಿಯೊಂದರ ಖರ್ಚು ಹೆಚ್ಚು, ನಿಜ. ಆದರೆ ಮಂಚದ ಕೆಳಗೆ ಮಲಗಿದ ಆರುನೂರು ಪ್ರತಿಗಳಿಗಿಂತ ಅದು ಅಗ್ಗವೇ ಸರಿ.

ಈ ಲೆಕ್ಕವನ್ನೆಲ್ಲ ಬುಡಮೇಲು ಮಾಡುವ ವಸ್ತು ಗೌರವಪ್ರತಿ. ಬಿಡುಗಡೆಯ ಸಮಾರಂಭವನ್ನು ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಸಭಾಂಗಣದ ಬಾಡಿಗೆ, ಶಾಲು, ಹಣ್ಣಿನ ಬುಟ್ಟಿ, ಪೇಟ, ಉಪ್ಪಿಟ್ಟು ಕಾಫಿ. ವೇದಿಕೆಯ ಮೇಲೆ ಆರು ಮಂದಿ, ಎದುರಿಗೆ ಬಂಧುಗಳು. ಕೊನೆಗೆ ಎಲ್ಲರ ಕಂಕುಳಲ್ಲಿಯೂ ಉಚಿತವಾಗಿ ಒಂದೊಂದು ಪುಸ್ತಕ. ಕೊಂಡು ಓದಬಹುದಾಗಿದ್ದ ನೂರೈವತ್ತು ಜನರಿಗೆ ಬಿಟ್ಟಿಯಾಗಿ ಕೊಟ್ಟರೆ ಮೇಲಿನ ಲೆಕ್ಕದಂತೆ ಅಚ್ಚಿನ ಖರ್ಚೇ 10,500 ರೂಪಾಯಿ. ಅದಕ್ಕಿಂತ ಕೆಟ್ಟ ಪರಿಣಾಮವೆಂದರೆ, ಸ್ನೇಹಿತನ ಪುಸ್ತಕವನ್ನು ಹಣ ಕೊಟ್ಟು ಕೊಳ್ಳುವುದು ಸ್ನೇಹಕ್ಕೆ ಕುಂದೆಂಬ ಒಂದು ವಿಚಿತ್ರ ಮರ್ಯಾದೆ ನಮ್ಮ ಪಟ್ಟಣಗಳಲ್ಲಿ ಬೆಳೆದುಬಿಟ್ಟಿತು. ಈ ಲೇಖನವನ್ನೋದುವ ಅಧಿಕಾರಿವರ್ಗದವರು ಕ್ಷಮಿಸಬೇಕು: ಕಚೇರಿಯ ಮೇಜಿನ ಮೇಲೆ ಸಹಿಮಾಡಿದ ಗೌರವಪ್ರತಿಗಳನ್ನು ಪೇರಿಸಿಕೊಂಡು ಒಂದನ್ನೂ ಬಿಚ್ಚಿನೋಡದವರನ್ನು ನಾವು ಬಲ್ಲೆವು.

ಇದಕ್ಕೆ ಪ್ರತಿಯಾಗಿ, ಅಚ್ಚಿಗೆ ಮೊದಲೇ ಓದುಗನನ್ನು ಹುಡುಕುವ ಪದ್ಧತಿಯು ನಮ್ಮಲ್ಲಿ ಹೊಸದೇನೂ ಅಲ್ಲ. ಧಾರವಾಡದಲ್ಲಿ 1933ರಲ್ಲಿ ಜಿ. ಬಿ. ಜೋಶಿಯವರು ಆರಂಭಿಸಿದ ಮನೋಹರ ಗ್ರಂಥಮಾಲೆಯು ಬೆಳೆದುದು ಚಂದಾದಾರರ ಬಲದಿಂದಲೇ. ಓದುಗರು ವರ್ಷದ ಚಂದಾ ಕೊಡುವರು; ಗ್ರಂಥಗಳು ಒಂದೊಂದಾಗಿ ಅವರ ಮನೆಗೆ ಹೋಗುವುವು. ಇಂದಿನ ಒಂಟಿ ಗ್ರಂಥಕರ್ತನೂ ಸಣ್ಣ ಪ್ರಮಾಣದಲ್ಲಿ ಇದನ್ನೇ ಮಾಡಬಹುದು. ಒಂದು ಅಧ್ಯಾಯವನ್ನು ವಾಟ್ಸಪ್, ಫೇಸ್‌ಬುಕ್‌ಗಳಲ್ಲಿ ಓದಲು ಬಿಟ್ಟು, ಪ್ರಕಟಣಪೂರ್ವ ಬೆಲೆಯನ್ನು ಸಾರಿ, ಮೊಬೈಲಿನ ಮೂಲಕ ಹಣ ಪಡೆದು, ಇನ್ನೂರು ಹೆಸರುಗಳು ಪಟ್ಟಿಗೆ ಬಂದ ಮೇಲೆ ಮುದ್ರಣಾಲಯದ ಮೆಟ್ಟಿಲು ಹತ್ತಲಿ. ಅವನ ಪುಸ್ತಕವು ಮಂಡ್ಯದ ಕಬ್ಬಿನ ಗದ್ದೆಯನ್ನು ಕುರಿತದ್ದಾದರೆ ಆ ಊರಿನ ಶಿಕ್ಷಕರನ್ನೂ ರೈತರನ್ನೂ ಕಾಣಲಿ. ಹೃದ್ರೋಗವನ್ನು ಕುರಿತದ್ದಾದರೆ ವೈದ್ಯರ ಕೊಠಡಿಯ ಹೊರಗೆ ಕಾಯುವವರನ್ನು ನೆನೆಯಲಿ. ‘ಸಮಸ್ತ ಕನ್ನಡಿಗರಿಗೆ’ ಎಂದು ಬರೆದ ಪುಸ್ತಕಕ್ಕೆ ಗಿರಾಕಿಗಳು ಸಿಕ್ಕುವುದು ಕಷ್ಟ. ಸಾಹಿತ್ಯ ಸಮ್ಮೇಳನದ ಪುಸ್ತಕ ಮಳಿಗೆಗಳಲ್ಲಿ ಕಾಣುವ ನೂಕುನುಗ್ಗಲನ್ನು ನೋಡಿದವರಾರೂ ಕನ್ನಡಕ್ಕೆ ಓದುಗರಿಲ್ಲವೆಂದು ಹೇಳಲಾರರು.

ಪುಸ್ತಕವನ್ನು ಮುಟ್ಟಿಸುವ ದಾರಿಯಲ್ಲಿ ಅಂಚೆಯ ವೆಚ್ಚವು ದೊಡ್ಡ ಮುಳ್ಳು. ಹಿಂದಿನ ಅಗ್ಗದ ಪುಸ್ತಕ ಅಂಚೆಯನ್ನು 2024ರ ಡಿಸೆಂಬರಿನಲ್ಲಿ ನಿಲ್ಲಿಸಿದಾಗ ಸಣ್ಣ ಪ್ರಕಾಶಕರು ಕಂಗಾಲಾದರು. 2025ರ ಮೇ 1ರಿಂದ ‘ಜ್ಞಾನ ಪೋಸ್ಟ್’ ಎಂಬ ಹೊಸ ಸೇವೆ ಬಂದಿತು. ಆರಂಭದ ದರವು ತೆರಿಗೆಯನ್ನು ಬಿಟ್ಟು 300 ಗ್ರಾಮಿನವರೆಗೆ 20 ರೂಪಾಯಿ, 5 ಕಿಲೋವರೆಗೆ 100 ರೂಪಾಯಿ. ಕಾಗದವೇ ಬೇಡದ ಇ-ಪುಸ್ತಕದ ಕಥೆ ಬೇರೆ. ಅಮೆಜಾನ್ ಸಂಸ್ಥೆಯು 2016ರ ಕೊನೆಯಲ್ಲಿ ತನ್ನ ಕಿಂಡಲ್ಲಿನಲ್ಲಿ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಪುಸ್ತಕಗಳಿಗೆ ಬಾಗಿಲು ತೆರೆಯಿತು. ಆ ಐದರಲ್ಲಿ ಕನ್ನಡವಿರಲಿಲ್ಲ. ಆ ಸಂಸ್ಥೆಗೆ ಕಚೇರಿಗಳಿರುವುದು ಬೆಂಗಳೂರಿನಲ್ಲಿ! ನೆರೆಯ ತಮಿಳಿನ ಹೊಸ ಬರಹಗಾರನು ಮನೆಯಲ್ಲಿ ಕುಳಿತು ಲೋಕಕ್ಕೆಲ್ಲ ಪುಸ್ತಕ ಮಾರುತ್ತಿರುವಾಗ ನಮ್ಮವನು ನೋಡುತ್ತ ನಿಂತನು. ಕನ್ನಡಿಗರೇ ಕಟ್ಟಿದ ಮೈಲ್ಯಾಂಗ್ ಮೊದಲಾದ ಜಾಲತಾಣಗಳು ಈ ಕೊರತೆಯನ್ನು ತುಂಬಲು ಹೊರಟುದು ಸಂತೋಷದ ವಿಷಯ.

ಗ್ರಂಥಾಲಯಗಳಿಗೆ ಸರಕಾರವು ಮಾಡುವ ಸಗಟು ಖರೀದಿಯನ್ನು ನಂಬಿಯೇ ಅಚ್ಚುಹಾಕಿಸುವವರು ಬಹಳ. ಅದು ಬಂದರೆ ಸಂತೋಷ. ಆದರೆ ಆಯ್ಕೆಗೆ ಕಾಯಬೇಕು, ಆಯ್ಕೆಯಾದ ಮೇಲೆ ಹಣಕ್ಕೆ ಕಾಯಬೇಕು. ಬೆಲೆಯು ಪುಟದ ಲೆಕ್ಕದಲ್ಲಿ ನಿಗದಿಯಾಗುವುದರಿಂದ ವಿಷಯಕ್ಕೆ ಬೇಕಿಲ್ಲದ ಪುಟಗಳು ಹುಟ್ಟಿಕೊಳ್ಳುವ ಚಪಲವೂ ಉಂಟು. ಓದುಗನ ಬದಲು ಇಲಾಖೆಯನ್ನು ಕಣ್ಮುಂದಿಟ್ಟು ಬರೆದ ಗ್ರಂಥದ ಮುಖವೇ ಬೇರೆ. ನಾವು ದೂರದಿಂದಲೇ ಅದನ್ನು ಗುರುತಿಸುತ್ತೇವೆ.

ಇನ್ನು ನಮ್ಮ ಗ್ರಂಥಕರ್ತರು ಎಲ್ಲಕ್ಕಿಂತ ಹೆಚ್ಚಾಗಿ ಅಲಕ್ಷಿಸಿದ ವಿಷಯ: ಕಾಗದ ಪತ್ರ. ಎಲ್ಲವನ್ನೂ ತಾವೇ ಮಾಡಲಾರದವರು ಪ್ರಕಾಶಕರ ಬಳಿಗೆ ಹೋಗುವುದು ಸಹಜ, ಪ್ರಾಮಾಣಿಕ ಪ್ರಕಾಶಕರೂ ನಮ್ಮಲ್ಲಿ ಸಾಕಷ್ಟಿದ್ದಾರೆ. ಆದರೆ ಕಾಫಿ ಕುಡಿಯುತ್ತ ಬಾಯಿಮಾತಿನಲ್ಲಿ ಮುಗಿದ ಒಪ್ಪಂದವು ಹತ್ತು ವರ್ಷಗಳ ನಂತರ, ಅದರಲ್ಲಿಯೂ ಗ್ರಂಥಕರ್ತನು ತೀರಿಹೋದ ಮೇಲೆ, ಅವನ ವಿಧವೆಯನ್ನು ಅಂಗಡಿಯಿಂದಂಗಡಿಗೆ ಅಲೆಯಿಸುತ್ತದೆ. 1957ರ ಕೃತಿಸ್ವಾಮ್ಯ ಕಾಯಿದೆಯು ಗ್ರಂಥಕರ್ತನ ಪಕ್ಷವನ್ನೇ ವಹಿಸುತ್ತದೆ. ಬರೆದ ಕ್ಷಣದಿಂದಲೇ ಸ್ವಾಮ್ಯವು ಅವನದು, ನೋಂದಣಿ ಕಡ್ಡಾಯವಲ್ಲ. ಹಕ್ಕನ್ನು ಬೇರೆಯವರಿಗೆ ವಹಿಸಿಕೊಡುವುದಾದರೆ ಬರಹದಲ್ಲಿ, ಸಹಿಯೊಡನೆ ಆಗಬೇಕು. ಯಾವ ಕೃತಿ, ಯಾವ ಹಕ್ಕು, ಎಷ್ಟು ಕಾಲ, ಯಾವ ಪ್ರದೇಶ, ಎಷ್ಟು ರಾಯಲ್ಟಿ ಎಂಬುದನ್ನು ಕಾಣಿಸಬೇಕು. ಕಾಲವನ್ನು ಕಾಣಿಸದಿದ್ದರೆ ಕಾಯಿದೆಯು ಐದು ವರ್ಷವೆಂದೇ ತಿಳಿಯುತ್ತದೆ. ಪ್ರದೇಶವನ್ನು ಕಾಣಿಸದಿದ್ದರೆ ಭಾರತವೆಂದು. ಪಡೆದ ಹಕ್ಕನ್ನು ಒಂದು ವರ್ಷದೊಳಗೆ ಬಳಸದಿದ್ದರೆ, ಬೇರೆ ಕರಾರಿಲ್ಲದ ಪಕ್ಷದಲ್ಲಿ, ಅದು ಬಿದ್ದುಹೋಗುತ್ತದೆ. ಪುಸ್ತಕಕ್ಕೆ ಒಪ್ಪಿ ಸಹಿಹಾಕುವವರು ಅದೇ ಸಾಲಿನಲ್ಲಿ ಅನುವಾದ, ಚಲನಚಿತ್ರ, ಧ್ವನಿಪುಸ್ತಕಗಳ ಹಕ್ಕುಗಳೂ ನುಸುಳಿವೆಯೇ ಎಂದು ಕನ್ನಡಕ ಹಾಕಿಕೊಂಡು ನೋಡಲಿ. ಎಷ್ಟು ಪ್ರತಿ ಅಚ್ಚಾಯಿತೆಂಬುದನ್ನು ಪುಸ್ತಕದೊಳಗೇ ಮುದ್ರಿಸಬೇಕೆಂಬ ಕರಾರನ್ನೂ ಸೇರಿಸಿಕೊಳ್ಳುವುದು ಒಳ್ಳೆಯದು.

ಒಂದು ಮಾತು ಇಲ್ಲಿಯೇ. ರಾಯಲ್ಟಿಗೆ ನಾವು ‘ಗೌರವಧನ’ವೆಂದು ಕರೆಯುವ ರೂಢಿಯಿದೆಯಲ್ಲ, ಆ ಹೆಸರಿನಿಂದಲೇ ಅರ್ಧ ಅನರ್ಥವಾಯಿತು. ಗೌರವವೆಂದರೆ ಕೊಟ್ಟವನ ದೊಡ್ಡತನ, ಕೊಡದಿದ್ದರೆ ಕೇಳುವಂತಿಲ್ಲ. ಮನೆಯ ಬಾಡಿಗೆಯನ್ನು ಯಾರೂ ಗೌರವಧನವೆನ್ನುವುದಿಲ್ಲ.

ಈ ಸ್ವಾಮ್ಯದ ಅವಧಿಯೂ ಅಲ್ಪವಲ್ಲ. ರವೀಂದ್ರನಾಥ ಠಾಕೂರರು ತೀರಿಕೊಂಡುದು 1941ರಲ್ಲಿ. ಮರಣಾನಂತರ ಐವತ್ತು ವರ್ಷಗಳೆಂದಿದ್ದ ಅವಧಿಯು 1991ರ ಕೊನೆಗೆ ಮುಗಿಯುವುದರಲ್ಲಿದ್ದಾಗ ಸರಕಾರವು ಅದನ್ನು ಅರವತ್ತಕ್ಕೆ ಏರಿಸಿತು. ವಿಶ್ವಭಾರತಿಯ ಹಿತಕ್ಕಾಗಿ ಆದ ಈ ತಿದ್ದುಪಡಿಯಿಂದ, ಮರುವರ್ಷವೇ ತೀರಿಕೊಂಡ ನಮ್ಮ ಗಳಗನಾಥರ ಗ್ರಂಥಗಳ ಹಕ್ಕೂ 2002ರ ಕೊನೆಯವರೆಗೆ ಉಳಿಯಿತು. ಮೊಮ್ಮಕ್ಕಳ ಕಾಲದವರೆಗೆ ಬಾಳುವ ಆಸ್ತಿಯನ್ನು ಬಾಯಿಮಾತಿನಲ್ಲಿ ಬಿಟ್ಟುಕೊಡುವವರಿಗೆ ಈ ಲೆಕ್ಕವು ತಿಳಿದಿರಲಿ.

ಮಾಡಲೇಬೇಕಾದ ಸಣ್ಣ ಕೆಲಸಗಳೂ ಇವೆ. ಐಎಸ್‌ಬಿಎನ್ ಸಂಖ್ಯೆಯನ್ನು ದೆಹಲಿಯ ರಾಜಾ ರಾಮಮೋಹನ ರಾಯ್ ಹೆಸರಿನ ರಾಷ್ಟ್ರೀಯ ಏಜೆನ್ಸಿಯು ಉಚಿತವಾಗಿ ಕೊಡುತ್ತದೆ. ಅದಕ್ಕಾಗಿ ದಲ್ಲಾಳಿಗೆ ಹಣ ತೆರಬೇಕಾಗಿಲ್ಲ. 1954ರ ಕಾಯಿದೆಯಂತೆ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯವೇ ಮೊದಲಾದ ಕಡೆಗಳಿಗೆ ಪ್ರತಿಗಳನ್ನು ಪ್ರಕಾಶಕನೇ ತನ್ನ ಖರ್ಚಿನಿಂದ ಕಳಿಸಬೇಕು. ಮತ್ತು ಮುಖಪುಟಕ್ಕೆ ಬಣ್ಣ ಹಚ್ಚುವುದಕ್ಕಿಂತ ಮೊದಲು ಕರಡು ತಿದ್ದುವವರೊಬ್ಬರಿಗೆ ಹಣ ಕೊಡಬೇಕು. ‘ನುಡಿ’ಯಲ್ಲಿ ಟೈಪುಮಾಡಿದ ಪ್ರತಿಯನ್ನು ಯೂನಿಕೋಡಿಗೆ ತಿರುಗಿಸುವಾಗ ಅರ್ಕಾವತ್ತು ಒಂದು ಕಡೆ, ಒತ್ತಕ್ಷರ ಇನ್ನೊಂದು ಕಡೆ ಓಡಿಹೋಗಿ, ಹಾಗೆಯೇ ಅಚ್ಚಾದ ಪುಟಗಳನ್ನು ಕಂಡು ನಾವು ಮರುಗಿದ್ದೇವೆ. ಸ್ವತಂತ್ರ ಗ್ರಂಥಕರ್ತನಿಗೆ ಮೇಲೊಬ್ಬ ಸಂಪಾದಕನಿಲ್ಲ. ಆ ಕೊರತೆಯನ್ನು ಅವನೇ ಹಣ ಕೊಟ್ಟು ತುಂಬಿಕೊಳ್ಳಬೇಕು.

ಇಷ್ಟೆಲ್ಲ ಹೇಳಿದ ಮೇಲೆ ನಮ್ಮ ತಪ್ಪನ್ನೂ ಒಪ್ಪಿಕೊಳ್ಳಬೇಕಾಗಿದೆ. ಬಂದ ಪುಸ್ತಕಗಳನ್ನು ‘ಸಾದರ ಸ್ವೀಕಾರ’ವೆಂಬ ಮೂಲೆಯ ಅಂಕಣದಲ್ಲಿ ಹೆಸರು ಹಾಕಿ ಕೈತೊಳೆದುಕೊಳ್ಳುವುದು ಪತ್ರಿಕೆಗಳ ಹಳೆಯ ಅಭ್ಯಾಸ. ಅದನ್ನು ನೋಡಿ ಕೊಳ್ಳಬೇಕೆಂದವನಿಗೆ ಪುಸ್ತಕ ಸಿಕ್ಕುವುದೆಲ್ಲಿ ಎಂಬುದೇ ತಿಳಿಯದು. ಮುಂದಿನ ಭಾನುವಾರದಿಂದ ಆ ಅಂಕಣದಲ್ಲಿ ಪ್ರತಿಯೊಂದು ಪುಸ್ತಕದ ಬೆಲೆ, ಪುಟಗಳ ಸಂಖ್ಯೆ, ಪುಸ್ತಕ ದೊರೆಯುವ ವಿಳಾಸ ಇವಿಷ್ಟನ್ನೂ ಮುದ್ರಿಸುತ್ತೇವೆ. ಪುಸ್ತಕ ಕಳಿಸುವವರು ಒಂದೇ ಪ್ರತಿ ಕಳಿಸಿದರೆ ಸಾಕು. ವಿಮರ್ಶಕರು ಎರಡನೆಯ ಪ್ರತಿಯನ್ನು ಬಯಸಿದರೆ ಅದನ್ನು ಕಚೇರಿಯ ಖರ್ಚಿನಿಂದ ಕೊಂಡುಕೊಡುವೆವು.