ಸ್ಟೆಂಟ್ ಹಾಕಿದ ಮೇಲೂ ಉಳಿಯುವ ಕಾಯಿಲೆ

‘ಸ್ಟೆಂಟ್ ಹಾಕಿಸಿದ್ದಾಯಿತು, ಬ್ಲಾಕ್ ಹೋಯಿತು, ಇನ್ನು ಚಿಂತೆಯಿಲ್ಲ’ ಎನ್ನುವವರು ಬಹಳ ಮಂದಿ. ಎರಡು ಮೂರು ವರ್ಷಕ್ಕೆ ಎದೆನೋವು ಮರುಕಳಿಸಿತೋ, ‘ಸ್ಟೆಂಟ್ ಕಳಪೆಯದು’ ಅಥವಾ ‘ದೇಹಕ್ಕೆ ಒಗ್ಗಲಿಲ್ಲ’ ಎಂಬ ತೀರ್ಮಾನವೂ ಅಷ್ಟೇ ಬೇಗ ಬರುತ್ತದೆ. ಎರಡಕ್ಕೂ ಬೇರು ಒಂದೇ: ರಕ್ತನಾಳವನ್ನು ಕಸ ಕಟ್ಟಿದ ನಲ್ಲಿ ಪೈಪಿನಂತೆ ಕಾಣುವುದು. ಆದರೆ ಕೊಬ್ಬು ಸೇರುವುದು ರಕ್ತ ಹರಿಯುವ ದಾರಿಯಲ್ಲಲ್ಲ, ನಾಳದ ಗೋಡೆಯ ಪದರದೊಳಗೆ. ಸ್ಟೆಂಟ್ ಅದನ್ನು ಕೆರೆದು ತೆಗೆಯುವುದಿಲ್ಲ. ಗೋಡೆಗೆ ಒತ್ತಿ ಹಿಡಿದು ದಾರಿ ಬಿಡಿಸುತ್ತದೆ, ಅಷ್ಟೇ. ಆ ಗೋಡೆಯೋ ಜೀವಂತ. ಒತ್ತಿದರೆ ಗಾಯವಾಗುತ್ತದೆ, ಗಾಯವಾದರೆ ಮಾಯಲು ಹೊರಡುತ್ತದೆ.

ಸ್ಟೆಂಟಿನೊಳಗೆ ಅಂಗಾಂಶ ಬೆಳೆಯುವ ಕಥೆ ಶುರುವಾಗುವುದೇ ಇಲ್ಲಿಂದ. ಸ್ಟೆಂಟನ್ನು ಅರಳಿಸುವ ಬಲೂನು ಉಬ್ಬಿದಾಗ ನಾಳದ ತೆಳುವಾದ ಒಳಪದರ ಹರಿಯುತ್ತದೆ. ಗೋಡೆಯ ನಡುಪದರದ ಸ್ನಾಯುಕೋಶಗಳು ಒಳಕ್ಕೆ ಸರಿದು, ವೃದ್ಧಿಯಾಗಿ, ಸ್ಟೆಂಟಿನ ಲೋಹದ ಎಳೆಗಳ ಮೇಲೆ ಹೊದಿಕೆ ಹೊದಿಸುತ್ತವೆ. ಈ ಹೊದಿಕೆ ತೆಳುವಾಗಿದ್ದರೆ ಒಳ್ಳೆಯದೇ, ಲೋಹ ರಕ್ತಕ್ಕೆ ತಾಗದಂತೆ ಕಾಯುತ್ತದೆ. ಅತಿಯಾದರೆ ದಾರಿ ಮತ್ತೆ ಕಿರಿದಾಗುತ್ತದೆ. ಹಾಗಾಗಿ ಇದನ್ನು ‘ದೇಹ ತಿರಸ್ಕರಿಸಿತು’ ಎನ್ನುವುದು ತಪ್ಪು; ಇದು ಗಾಯ ಮಾಯುವ ಕೆಲಸ ಅಳತೆ ಮೀರಿದ್ದು. 1977ರಲ್ಲಿ ಜ್ಯೂರಿಕ್‌ನಲ್ಲಿ ಆಂಡ್ರಿಯಾಸ್ ಗ್ರುಂಟ್ಸಿಗ್ ಹೃದಯದ ನಾಳವನ್ನು ಮೊದಲ ಬಾರಿ ಬಲೂನಿನಿಂದ ಹಿಗ್ಗಿಸಿದ ನಂತರದ ವರ್ಷಗಳಲ್ಲಿ ನಾಳ ಮತ್ತೆ ಕಿರಿದಾಗುವುದೇ ದೊಡ್ಡ ತಲೆನೋವಾಗಿತ್ತು. 1994ರ ಬೆನೆಸ್ಟೆಂಟ್ ಅಧ್ಯಯನದಲ್ಲಿ ಬರಿಯ ಬಲೂನಿನ ನಂತರ ನಾಳ ಮತ್ತೆ ಕಿರಿದಾದದ್ದು ಶೇ. 32 ಮಂದಿಯಲ್ಲಿ, ಸ್ಟೆಂಟ್ ಹಾಕಿದವರಲ್ಲಿ ಶೇ. 22. ಆಮೇಲೆ ಬಂದದ್ದು ಔಷಧ ಲೇಪಿತ ಸ್ಟೆಂಟ್. ಅದರ ಮೊದಲ ಔಷಧಗಳಲ್ಲೊಂದಾದ ಸಿರೋಲಿಮಸ್ ಸಿಕ್ಕಿದ್ದು ಈಸ್ಟರ್ ದ್ವೀಪದ ಮಣ್ಣಿನ ಬ್ಯಾಕ್ಟೀರಿಯಾದಲ್ಲಿ. ಕೋಶಗಳ ವೃದ್ಧಿಗೆ ಅದು ಕಡಿವಾಣ ಹಾಕಿತು, ಮರುಕಿರಿದಾಗುವಿಕೆ ಬಹಳ ಇಳಿಯಿತು. ಪೂರ್ತಿ ನಿಲ್ಲಲಿಲ್ಲ: ಸಕ್ಕರೆ ಕಾಯಿಲೆ ಇರುವವರಲ್ಲಿ, ಸಣ್ಣ ನಾಳಗಳಲ್ಲಿ, ಉದ್ದದ ಸ್ಟೆಂಟ್‌ಗಳಲ್ಲಿ, ಸರಿಯಾಗಿ ಅರಳದ ಸ್ಟೆಂಟ್‌ನಲ್ಲಿ ಅಪಾಯ ಈಗಲೂ ಹೆಚ್ಚು. ಅಂಗಾಂಶ ಬೆಳೆಯಲು ತಿಂಗಳುಗಳು ಬೇಕು. ಸ್ಟೆಂಟಿನಲ್ಲಿ ರಕ್ತ ಹೆಪ್ಪುಗಟ್ಟುವುದು ಬೇರೆಯೇ ಸಂಗತಿ. ಅದು ಇದ್ದಕ್ಕಿದ್ದಂತೆ ಹೃದಯಾಘಾತ ತರುತ್ತದೆ, ಹೆಪ್ಪು ತಡೆಯುವ ಮಾತ್ರೆಗಳನ್ನು ಅವಧಿಗೆ ಮುಂಚೆ ಬಿಡುವುದು ಅದಕ್ಕೆ ಮುಖ್ಯ ಕಾರಣಗಳಲ್ಲೊಂದು.

ಇಷ್ಟಾದರೂ ಮತ್ತೆ ಬಂದ ನೋವಿಗೆಲ್ಲ ಸ್ಟೆಂಟೇ ಹೊಣೆಯಲ್ಲ. 2011ರಲ್ಲಿ ಪ್ರಕಟವಾದ ಪ್ರಾಸ್ಪೆಕ್ಟ್ ಅಧ್ಯಯನ, ಸ್ಟೆಂಟ್ ಹಾಕಿಸಿಕೊಂಡ 697 ಹೃದ್ರೋಗಿಗಳನ್ನು ಸುಮಾರು ಮೂರು ವರ್ಷ ಗಮನಿಸಿತು. ಚಿಕಿತ್ಸೆಯಾದ ಜಾಗದಿಂದಲೇ ತೊಂದರೆ ಬಂದದ್ದು ಶೇ. 12.9 ಮಂದಿಗೆ, ಮುಟ್ಟದೆ ಬಿಟ್ಟಿದ್ದ ಬೇರೆ ಜಾಗಗಳಿಂದ ಶೇ. 11.6 ಮಂದಿಗೆ. ಹೆಚ್ಚುಕಡಿಮೆ ಸಮಸಮ. ಆ ಬೇರೆ ಜಾಗಗಳಲ್ಲಿ ಬಹುಪಾಲು ಮೊದಲ ಆಂಜಿಯೋಗ್ರಾಂನಲ್ಲಿ ‘ಅಲ್ಪ’ ಎನಿಸಿದ್ದವು. ಚಿಕ್ಕದೊಂದು ಸ್ಟೆಂಟ್ ತಾನಿರುವ ಜಾಗವನ್ನಷ್ಟೇ ಕಾಯಬಲ್ಲದು. ಕಾಯಿಲೆ ಇರುವುದು ಇಡೀ ನಾಳಜಾಲದಲ್ಲಿ. ವರ್ಷಗಳು ಕಳೆದಂತೆ ಸ್ಟೆಂಟಿನೊಳಗಿನ ಹೊಸ ಹೊದಿಕೆಯಲ್ಲೂ ಅದೇ ಕೊಬ್ಬು ಸೇರಬಹುದು.

ಹಾಗಾದರೆ ಸ್ಟೆಂಟ್ ಯಾಕೆ ಎಂದು ಕೇಳುವವರಿದ್ದಾರೆ, ನ್ಯಾಯವಾದ ಪ್ರಶ್ನೆಯೇ. ಹೃದಯಾಘಾತವಾದ ಹೊತ್ತಿನಲ್ಲಿ ಅದು ಜೀವ ಉಳಿಸುತ್ತದೆ, ಅದರಲ್ಲಿ ಎರಡು ಮಾತಿಲ್ಲ. ನಡೆದಾಗ ಬಂದು ಕೂತಾಗ ಹೋಗುವ ಸ್ಥಿರ ಎದೆನೋವಿನ ಲೆಕ್ಕ ಬೇರೆ. 5,179 ರೋಗಿಗಳ ಇಸ್ಕೀಮಿಯಾ ಅಧ್ಯಯನ 2020ರಲ್ಲಿ ಪ್ರಕಟವಾಯಿತು: ಮಾತ್ರೆಗಳ ಜೊತೆ ಮೊದಲೇ ಸ್ಟೆಂಟ್ ಅಥವಾ ಬೈಪಾಸ್ ಮಾಡಿದ್ದರಿಂದ ನೋವು ತಗ್ಗಿತು, ಸಾವು ತಗ್ಗಲಿಲ್ಲ. ಕೊಲೆಸ್ಟ್ರಾಲ್ ಇಳಿಸುವ ಸ್ಟಾಟಿನ್ ಮಾತ್ರೆಯೋ ಸಾವನ್ನೇ ತಗ್ಗಿಸಿದೆ. 1994ರಲ್ಲಿ ಸ್ಕ್ಯಾಂಡಿನೇವಿಯಾದ 4,444 ಹೃದ್ರೋಗಿಗಳ ಅಧ್ಯಯನದಲ್ಲಿ ಅದನ್ನು ತೆಗೆದುಕೊಂಡವರ ಸಾವಿನ ಪ್ರಮಾಣ ಶೇ. 30ರಷ್ಟು ಇಳಿದಿತ್ತು. ‘ನನ್ನ ಕೊಲೆಸ್ಟ್ರಾಲ್ ಈಗ ನಾರ್ಮಲ್, ಮಾತ್ರೆ ಯಾಕೆ?’ ಎನ್ನುವವರಿಗೆ ಉತ್ತರ ಇಷ್ಟೇ: ನಾರ್ಮಲ್ ಆಗಿರುವುದೇ ಮಾತ್ರೆಯಿಂದ. ಮೈಕೈ ನೋವು ಬಂದರೆ ಡೋಸ್ ಇಳಿಸಬಹುದು, ಬೇರೆ ಮಾತ್ರೆಗೆ ಬದಲಿಸಬಹುದು. ದಯವಿಟ್ಟು ನಿಮ್ಮಷ್ಟಕ್ಕೆ ನೀವೇ ನಿಲ್ಲಿಸಬೇಡಿ, ಬೀಡಿ ಸಿಗರೇಟು ಬಿಡಿ, ಎದೆನೋವು ಮತ್ತೆ ಕಾಣಿಸಿದರೆ ಗ್ಯಾಸ್ ಎಂದುಕೊಂಡು ಬೆಳಗಿನವರೆಗೆ ಕಾಯದೆ ಆಗಲೇ ಆಸ್ಪತ್ರೆಗೆ ಹೋಗಿ.